ಉಸಿರೂ ಸಮವಸ್ತ್ರವೂ

ಮನುಷ್ಯನು ತನ್ನ ಶರೀರದಲ್ಲಿ ನಡೆಯುವ ಕಾರ್ಯಗಳಲ್ಲೆಲ್ಲ ಅತ್ಯಂತ ಅಲಕ್ಷ್ಯದಿಂದ ಕಾಣುವುದು ಉಸಿರಾಟವನ್ನು. ಹಸಿವಾದರೆ ಅನ್ನವನ್ನು ನೆನೆಯುತ್ತೇವೆ, ಬಾಯಾರಿದರೆ ನೀರನ್ನು ನೆನೆಯುತ್ತೇವೆ. ಉಸಿರನ್ನು ಮಾತ್ರ ಅದು ಸಿಕ್ಕಿಕೊಂಡಾಗಲೇ ನೆನೆಯುವುದು. ಬಾಲ್ಯದಲ್ಲಿ ಉಬ್ಬಸದ ಬಾಧೆಯನ್ನು ಉಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದ ಕಾರಣವಿಲ್ಲ. ನಾವೂ ಅಂಥವರಲ್ಲೊಬ್ಬರು. ಶಾಲೆಯ ಕೆಲಸದಿಂದ ನಿವೃತ್ತರಾಗಿ ಮನೆಯ ಕಟ್ಟೆಯ ಮೇಲೆ ಕುಳಿತಿರುವ ನಮ್ಮಲ್ಲಿಗೆ ಊರಿನ ಗೃಹಸ್ಥರು ಆಗಾಗ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬರುತ್ತಾರೆ: ಚಿಕ್ಕಂದಿನಲ್ಲಿ ಉಬ್ಬಸವಿದ್ದ ಹುಡುಗನು ಮುಂದೆ ಸೈನ್ಯವನ್ನು ಸೇರಬಲ್ಲನೆ? ಈ ಪ್ರಶ್ನೆಗೆ ನಮಗೆ ತಿಳಿದಷ್ಟು ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ರೋಗವನ್ನು ಅನುಭವಿಸಿದವರು, ಮಕ್ಕಳ ನಡುವೆ ಆಯುಷ್ಯವನ್ನು ಕಳೆದವರು, ಇಷ್ಟೇ ನಮ್ಮ ಅಧಿಕಾರ.

ನಮ್ಮ ಊರು ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡ (ಬಿ). ಆವರಣದೊಳಗಿನ ಆ ಒಂದಕ್ಷರವು 'ಬುಜುರ್ಗ್' ಎಂಬುದರ ಸಂಕ್ಷೇಪ; ಹಿರಿಯದು ಎಂದರ್ಥ. ಇಲ್ಲಿಯ ಬಾಲಕರಿಗೆ ಸೈನ್ಯದ ಆಸೆ ಹುಟ್ಟುವುದು ಆಶ್ಚರ್ಯವಲ್ಲ. ಬೀದರದಲ್ಲಿ ವಾಯುದಳದ ತರಬೇತಿ ನೆಲೆಯುಂಟು. ಸೂರ್ಯಕಿರಣವೆಂಬ ವಿಮಾನಗಳ ತಂಡವೂ ಅಲ್ಲಿಯದೇ. ಬಾನಿನಲ್ಲಿ ಸದ್ದು ಕೇಳಿದೊಡನೆ ತರಗತಿಯೆಲ್ಲ ಕಿಟಕಿಗೆ ಮುಖ ತಿರುಗಿಸುತ್ತಿದ್ದುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಶಬ್ದರೂಪಾವಳಿಯು ವಿಮಾನದ ಮುಂದೆ ನಿಲ್ಲಲಾರದು. ಅದಲ್ಲದೆ, ಮಳೆಯನ್ನೇ ನಂಬಿದ ಒಕ್ಕಲುತನದ ಮನೆಗಳಲ್ಲಿ ಒಬ್ಬ ಮಗನು ಸೈನ್ಯಕ್ಕೆ ಹೋದರೆ ಮನೆಯೇ ನಿಂತುಕೊಳ್ಳುತ್ತದೆ. ಬರಿಯ ಶೌರ್ಯದ ಮಾತಲ್ಲ, ಅನ್ನದ ಮಾತೂ ಇದರಲ್ಲಿ ಸೇರಿದೆ.

ಈ ರೋಗಕ್ಕೆ ನಮ್ಮ ಕಡೆ 'ದಮ್ಮು' ಎನ್ನುತ್ತಾರೆ. ಹಳೆಯ ಕನ್ನಡದಲ್ಲಿ 'ಗೂರಲು' ಎಂಬ ಹೆಸರುಂಟು. ಈಗ ಎಲ್ಲರ ಬಾಯಲ್ಲಿ 'ಅಸ್ತಮಾ'. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಾಸರೋಗವನ್ನು ಐದು ವಿಧವಾಗಿ ವಿಂಗಡಿಸಿ, ಅವುಗಳಲ್ಲಿ ಒಂದಕ್ಕೆ 'ತಮಕಶ್ವಾಸ'ವೆಂದು ಹೆಸರಿಟ್ಟಿದ್ದಾರೆ. ಮಲಗಿದರೆ ಸಂಕಟ ಹೆಚ್ಚುವುದು, ಎದ್ದು ಕುಳಿತರೆ ಹಗುರವೆನಿಸುವುದು, ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ಉಲ್ಬಣಿಸುವುದು ಎಂದು ಅಲ್ಲಿ ಹೇಳಿದ ಲಕ್ಷಣಗಳನ್ನು ಓದಿದಾಗ, ನಮ್ಮ ಹಾಸಿಗೆಯ ಪಕ್ಕದಲ್ಲಿಯೇ ಕುಳಿತು ಬರೆದರೋ ಎಂಬಷ್ಟು ಬೆರಗಾಗುತ್ತದೆ. ಹೊಸದಾಗಿ ತಲೆದೋರಿದ ತಮಕವು ವಾಸಿಯಾದೀತು. ಬೇರೂರಿದುದು 'ಯಾಪ್ಯ'ವೆಂದು ಅವರ ನಿರ್ಣಯ. ಯಾಪ್ಯವೆಂದರೆ ನಿರ್ಮೂಲವಾಗದು, ಆದರೆ ಪಥ್ಯೌಷಧಗಳಿಂದ ಹಿಡಿತದಲ್ಲಿರುವುದು. ಬೀಳುವ ಮನೆಗೆ ಸರಿಯಾಗಿ ಕೊಟ್ಟ ಊರೆಯಂತೆ ಚಿಕಿತ್ಸೆಯು ಇಂಥ ರೋಗಿಯನ್ನು ಎತ್ತಿ ಹಿಡಿಯುತ್ತದೆಂದು ಸುಶ್ರುತರು ಉಪಮಿಸಿದ್ದಾರೆ. ಈ ಉಪಮೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ನಮಗೆ ಈ ವ್ಯಾಧಿಯು ಆರನೆಯ ವರ್ಷದಲ್ಲಿ ಅಂಟಿಕೊಂಡಿತು. ತೊಗರಿಯ ರಾಶಿಯ ಕಾಲ ಬಂದಿತೆಂದರೆ ಊರಿಗೆ ಹಿಗ್ಗು, ನಮ್ಮ ಮನೆಗೆ ಜಾಗರಣೆ. ಕಣದ ಧೂಳು, ಪುಷ್ಯಮಾಸದ ಥಂಡಿ, ಒಲೆಯಲ್ಲಿ ಉರಿಯುವ ತೊಗರಿಕಟ್ಟಿಗೆಯ ಹೊಗೆ, ಇವು ಮೂರೂ ಕೂಡಿದ ರಾತ್ರಿ ಎದೆಯೊಳಗೆ ಬೆಕ್ಕು ಗುರುಗುಟ್ಟಿದಂತಾಗುತ್ತಿತ್ತು. ಅವ್ವನು ಮಡಿಸಿದ ಕೌದಿಗಳನ್ನು ನಮ್ಮ ಮುಂದೆ ಒಟ್ಟುವಳು. ಅವುಗಳ ಮೇಲೆ ಮೊಗವಿಟ್ಟು ಬೆಳಗು ಮಾಡುತ್ತಿದ್ದೆವು. ಮುತ್ಯಾನು ನಮ್ಮನ್ನು ಮೂರು ವರ್ಷ ಮೃಗಶಿರಾ ಕಾರ್ತಿಯಂದು ಹೈದರಾಬಾದಿಗೆ ಕರೆದೊಯ್ದನು. ಅಲ್ಲಿ ಬತ್ತಿನಿ ಗೌಡರ ಮನೆತನದವರು ಹಳದಿ ಬಣ್ಣದ ಔಷಧವನ್ನು ಬೆರಳುದ್ದದ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಪದ್ಧತಿ ಪ್ರಸಿದ್ಧವೇ ಸರಿ. 1845ರಿಂದ ನಡೆದು ಬಂದುದೆಂದು ಆ ಮನೆತನದವರ ಹೇಳಿಕೆ, ಹಣವನ್ನಂತೂ ತೆಗೆದುಕೊಳ್ಳುವುದಿಲ್ಲ. ಮೀನು ತಿನ್ನುವ ಮನೆತನ ನಮ್ಮದಲ್ಲವಾಗಿ ನಮಗೆ ಬೆಲ್ಲದಲ್ಲಿ ಕೊಟ್ಟರು. ಹನ್ನೆರಡನೆಯ ವರ್ಷ ಮುಗಿಯುವಷ್ಟರಲ್ಲಿ ದಮ್ಮು ನಮ್ಮನ್ನು ಬಿಟ್ಟುಹೋಯಿತು. ಮುತ್ಯಾನು ಸಾಯುವವರೆಗೂ ಅದನ್ನು ಆ ಬೆಲ್ಲದ ಗುಣವೆಂದೇ ಸಾರಿದನು. ಆದರೆ ಯಾವ ಔಷಧವನ್ನೂ ನುಂಗದ ಅನೇಕ ಮಕ್ಕಳಿಗೂ ಹರೆಯದ ಹೊತ್ತಿಗೆ ಉಬ್ಬಸವು ಹಿಂಗುವುದುಂಟೆಂದು ವೈದ್ಯರು ಹೇಳುತ್ತಾರೆ. ಆ ಔಷಧದ ಗುಣವಂತೂ ವಿಜ್ಞಾನದ ಪರೀಕ್ಷೆಯಲ್ಲಿ ಸಿದ್ಧಪಟ್ಟಿಲ್ಲ.

ಹಿಂಗಿತೆಂದರೆ ಹೋಯಿತೆಂದಲ್ಲ. ಉಬ್ಬಸವುಳ್ಳವರ ಶ್ವಾಸನಾಳಗಳು ಒಳಗೆ ಸದಾ ಸ್ವಲ್ಪ ಉರಿಯೂತದಿಂದ ಕೂಡಿರುತ್ತವೆ. ಧೂಳು, ಹೊಗೆ, ಕಾಂಗ್ರೆಸ್ ಹುಲ್ಲಿನ ಪರಾಗ, ನೆಗಡಿ, ಚಳಿಗಾಳಿ, ಬಿರುಸಾದ ಓಟ, ಇವುಗಳಲ್ಲಿ ಯಾವುದೊಂದು ಕೆಣಕಿದರೂ ನಾಳದ ಸ್ನಾಯುಗಳು ಬಿಗಿಯುತ್ತವೆ, ಒಳಪದರವು ಊದಿಕೊಳ್ಳುತ್ತದೆ, ಕಫವು ತುಂಬುತ್ತದೆ. ಹರೆಯದಲ್ಲಿ ಲಕ್ಷಣಗಳು ಮರೆಯಾದರೂ ಈ ಕೆರಳುವ ಸ್ವಭಾವವು ಕೆಲವರಲ್ಲಿ ಒಳಗೇ ಉಳಿದು, ನಡುವಯಸ್ಸಿನಲ್ಲಿ ಮರಳಿ ತಲೆಯೆತ್ತುವುದುಂಟು.

1984ರಲ್ಲಿ, ನಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನಾವು ಸೈನ್ಯದ ಭರ್ತಿಗೆ ಹೋಗಿದ್ದೆವು. ಓಟದಲ್ಲಿ ಮುಂದಿನ ಸಾಲಿನಲ್ಲಿ ಬಂದೆವು, ಎದೆಯಳತೆಯೂ ಸರಿಹೋಯಿತು. ಕೊನೆಗೆ ವೈದ್ಯರೊಬ್ಬರು, ಚಿಕ್ಕಂದಿನಲ್ಲಿ ಉಸಿರಿನ ತೊಂದರೆಯಿತ್ತೆ ಎಂದು ಕೇಳಿದರು. ಹನ್ನೆರಡನೆಯ ವರ್ಷದವರೆಗೆ ಇತ್ತೆಂದು ಇದ್ದುದನ್ನು ಇದ್ದ ಹಾಗೆ ಹೇಳಿದೆವು. ನಮ್ಮ ಕಾಗದವು ಬೇರೆ ಕಟ್ಟಿಗೆ ಹೋಯಿತು. ಓಟದಲ್ಲಿ ನಮ್ಮ ಹಿಂದೆ ಉಳಿದವನು ಆಯ್ಕೆಯಾದನು. ನಾವು ಬಸ್ಸು ಹತ್ತಿ ಊರಿಗೆ ಬಂದೆವು. ಏಳು ವರ್ಷ ರೋಗದ ಸುಳಿವಿರಲಿಲ್ಲ, ಅಂದ ಮೇಲೆ ಇದೆಂಥ ನ್ಯಾಯವೆಂಬ ಪ್ರಶ್ನೆ ಬಹುಕಾಲ ನಮ್ಮನ್ನು ಬಿಡಲಿಲ್ಲ. ಅದೇ 1984ರ ಏಪ್ರಿಲಿನಲ್ಲಿ ನಮ್ಮ ಸೈನ್ಯವು ಸಿಯಾಚಿನ್ ಹಿಮನದಿಯ ಮೇಲೆ ಕಾವಲನ್ನು ಹೂಡಿತ್ತು. ಅಲ್ಲಿಯ ಕೆಲವು ಠಾಣೆಗಳು 18,000 ಅಡಿಗಳಿಗೂ ಮೇಲಿವೆ. ಗಾಳಿ ತೆಳು, ಚಳಿ ಅತಿ. ಆರೋಗ್ಯವಂತನ ಉಸಿರೇ ಅಲ್ಲಿ ಕುಗ್ಗುತ್ತದೆ, ನಮ್ಮಂಥವನ ಗತಿಯೇನು?

ಉತ್ತರವು ನಮಗೆ ಮೂವತ್ತೆರಡನೆಯ ವಯಸ್ಸಿನಲ್ಲಿ ದೊರೆಯಿತು. ಆಗ ನಾವು ಸಂಸ್ಕೃತದ ಮಾಸ್ತರರು. ಒಂದು ರಾಶಿಯ ಕಾಲದಲ್ಲಿ, ಇಪ್ಪತ್ತು ವರ್ಷ ಮರೆತಿದ್ದ ದಮ್ಮು ನಡುರಾತ್ರಿ ಬಂದು ಎದೆಯ ಮೇಲೆ ಕುಳಿತಿತು. ಮನೆಯಲ್ಲಿ ಜನರಿದ್ದರು, ಹುಮನಾಬಾದಿಗೆ ಒಯ್ಯಲು ಗಾಡಿಯಿತ್ತು, ಆಸ್ಪತ್ರೆಯಲ್ಲಿ ದೀಪವಿತ್ತು, ಬದುಕಿದೆವು. ಅದೇ ಹಿಮದ ಮೇಲೆ ಆಗಿದ್ದರೆ ನಮ್ಮನ್ನು ಹೊತ್ತು ಇಳಿಸುವ ನಾಲ್ವರ ಪ್ರಾಣವೂ ನಮ್ಮೊಡನೆ ಪಣಕ್ಕೆ ಬೀಳುತ್ತಿತ್ತು. ಆ ವೈದ್ಯರ ಪ್ರಶ್ನೆಯ ಅರ್ಥವು ಅಂದು ನಮಗೆ ತೆರೆದು ತೋರಿತು.

ಈಗಿನ ನಿಯಮವೂ ಬಹುಮಟ್ಟಿಗೆ ಹಾಗೆಯೇ ಇದೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದು ಸೇವೆಯ ಅವಧಿಯು ಮೊದಲಿಗೆ ನಾಲ್ಕು ವರ್ಷವೆಂದಾಯಿತು, ಆದರೂ 1.6 ಕಿಲೋಮೀಟರಿನ ಓಟವೂ ವೈದ್ಯಪರೀಕ್ಷೆಯೂ ತಪ್ಪಲಿಲ್ಲ. ಅಸ್ತಮಾ ಅನರ್ಹತೆಯ ಕಾರಣಗಳಲ್ಲೊಂದು. ವಾಯುದಳದ ಅಧಿಕಾರಿಗಳ ಭರ್ತಿಗಾಗಿ ಪ್ರಕಟವಾದ ನಿಯಮಗಳಲ್ಲಿ, ಉಬ್ಬಸವಾಗಲಿ ಗುರುಗುಟ್ಟುವ ಉಸಿರಾಗಲಿ ಅಲರ್ಜಿಯ ನೆಗಡಿಯಾಗಲಿ ಪದೇ ಪದೇ ಬಂದ ಪೂರ್ವವೃತ್ತಾಂತವೂ ತಿರಸ್ಕಾರಕ್ಕೆ ಕಾರಣವೆಂದಿದೆ. ಅಮೆರಿಕದ ಸೈನ್ಯದಲ್ಲಿ ಹದಿಮೂರನೆಯ ಜನ್ಮದಿನವನ್ನು ಗಡಿಯಾಗಿಟ್ಟು, ಅದರ ನಂತರವೂ ಅಸ್ತಮಾ ಇದ್ದವರನ್ನು ಅನರ್ಹರೆಂದು ಎಣಿಸುತ್ತಾರೆ. ಕೆಲವರಿಗೆ ವಿಚಾರಣೆಯ ಮೇಲೆ ವಿನಾಯಿತಿಯೂ ಉಂಟು. ನಮ್ಮಲ್ಲಿ ಅಂಥ ಗಡಿಯನ್ನು ನಂಬಿ ಕೂಡುವುದು ಸಲ್ಲದು. ಪರೀಕ್ಷಿಸುವ ವೈದ್ಯರ ನಿರ್ಣಯವೇ ಪ್ರಮಾಣ. ಅದು ಒಪ್ಪಿಗೆಯಾಗದಿದ್ದರೆ ಸೇನಾ ಆಸ್ಪತ್ರೆಯಲ್ಲಿ ತಜ್ಞರಿಂದ ಪುನಃಪರೀಕ್ಷೆಯನ್ನು ಬೇಡಿಕೊಳ್ಳುವ ಮಾರ್ಗವುಂಟು.

ಈ ನಿಯಮಗಳ ಸುದ್ದಿ ಅರೆಬರೆಯಾಗಿ ಹಬ್ಬಿ ಹಳ್ಳಿಗಳಲ್ಲಿ ಒಂದು ಅನರ್ಥಕ್ಕೆ ಕಾರಣವಾಗಿದೆ. ಹೋದ ಚಳಿಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದನು. ಮಗುವಿನ ಪಕ್ಕೆಲುಬುಗಳ ನಡುವೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ವೈದ್ಯರು ಬರೆದುಕೊಟ್ಟ ಪಂಪು ಹಾಗೆಯೇ ಡಬ್ಬಿಯಲ್ಲಿತ್ತು.

"ಯಾಕಪ್ಪಾ, ಇದನ್ನು ಹಚ್ಚಿಲ್ಲ?" ಎಂದೆವು.

"ಮಾಸ್ತರ್ರೇ, ಪೋರಗ ಈಗಿಂದ್ಲೇ ಪಂಪ ಹಚ್ಚಿದ್ರ ಆಸ್ಪತ್ರಿ ಕಾಗದದಾಗ ದಾಖಲಾಗ್ತದ. ನಾಳಿ ಮಿಲ್ಟ್ರಿಯವ್ರು ಕೇಳಿದ್ರ ಏನು ಹೇಳೂದ್ರಿ?"

"ಮೊದ್ಲು ಪೋರ ನಾಳಿನ ತನಕ ಉಸಿರಾಡ್ಲಿ ತಮ್ಮಾ, ಆಮ್ಯಾಲ ಮಿಲ್ಟ್ರಿ ಮಾತು," ಎಂದು ಹೇಳಿ, ಆ ಕ್ಷಣವೇ ಅವರಿಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆವು.

ಪ್ರಿಯ ವಾಚಕರೆ, ಆ ತಂದೆಯು ಮಗನ ವೈರಿಯಲ್ಲ. ಮಗನ ಭವಿಷ್ಯವನ್ನು ಕಾಯಲೆಂದೇ ಔಷಧವನ್ನು ಮುಚ್ಚಿಟ್ಟವನು. ಆದರೆ ಕಾಗದದಲ್ಲಿ ಬರೆಯದಿದ್ದ ಮಾತ್ರಕ್ಕೆ ರೋಗವು ಎದೆಯಿಂದ ಎದ್ದುಹೋಗುವುದೆ? ಚಿಕಿತ್ಸೆಯಿಲ್ಲದ ಉಬ್ಬಸವು ಶ್ವಾಸನಾಳಗಳನ್ನು ಕೆಡಿಸಬಹುದು, ಪ್ರಾಣವನ್ನೂ ಕೊಂಡೊಯ್ಯಬಹುದು. ಪಂಪು ಚಟವಾಗುತ್ತದೆಂಬುದೂ ಬರಿಯ ಹೆದರಿಕೆ. ಅದು ಔಷಧವನ್ನು ನೇರವಾಗಿ ಶ್ವಾಸನಾಳಕ್ಕೆ ಮುಟ್ಟಿಸುವುದರಿಂದ ಗುಳಿಗೆಯಲ್ಲಿ ಮಿಲಿಗ್ರಾಂಗಳಲ್ಲಿ ನುಂಗಬೇಕಾದುದು ಇಲ್ಲಿ ಮೈಕ್ರೋಗ್ರಾಂಗಳಲ್ಲಿ ಮುಗಿಯುತ್ತದೆ. ಸಾಲ್ಬುಟಮಾಲ್ ಮೊದಲಾದವು ಸಂಕಟದ ಗಳಿಗೆಗೆ. ಬುಡೆಸೊನೈಡ್ ಮೊದಲಾದವು ದಿನವೂ ಸೇದಿ ಉರಿಯೂತವನ್ನು ತಗ್ಗಿಸುವುದಕ್ಕೆ. ಸುಶ್ರುತರು ಹೇಳಿದ ಆ ಊರೆಯೆಂದರೆ ಇದೇ. ಊರೆಯನ್ನು ಕಂಡರೆ ಜನರು ಮನೆಯನ್ನು ಹಳೆಯದೆಂದಾರೆಂದು ಅದನ್ನು ಕಿತ್ತೆಸೆಯುವ ಗೃಹಸ್ಥನುಂಟೆ?

ಇನ್ನೊಂದು ಮಾತು. ಐದು ವರ್ಷದೊಳಗಿನ ಮಕ್ಕಳಿಗೆ ನೆಗಡಿಯೊಡನೆ ಎದೆ ಗುರುಗುಟ್ಟಿದುದೆಲ್ಲ ಅಸ್ತಮಾ ಅಲ್ಲ. ಎಷ್ಟೋ ಮಕ್ಕಳಲ್ಲಿ ಅದು ಬೆಳೆದಂತೆ ನಿಂತುಹೋಗುವ ವಿಷಯ. ಹೆದರಿ ವೈದ್ಯರಿಂದ ದೂರವುಳಿದ ಮನೆಯವರಿಗೆ ಇದು ತಿಳಿಯುವುದೇ ಇಲ್ಲ. ಸರಿಯಾಗಿ ಪರೀಕ್ಷೆ ಮಾಡಿಸಿ, ಮಗು ದೊಡ್ಡದಾದಾಗ ಉಸಿರಿನ ಬಲವನ್ನು ಯಂತ್ರದಿಂದ ಅಳೆಯಿಸಿ, ಆ ಕಾಗದಗಳನ್ನು ಜೋಪಾನವಾಗಿಟ್ಟವನಿಗೆ ಮುಂದೆ ಹೇಳಲು ನಿಶ್ಚಿತವಾದ ಮಾತಿರುತ್ತದೆ. ಕಾಗದಕ್ಕೆ ಹೆದರುವುದಕ್ಕಿಂತ ಕಾಗದವನ್ನು ಸಾಕ್ಷಿ ಮಾಡಿಕೊಳ್ಳುವುದು ಲೇಸು.

ಭರ್ತಿಯ ದಿನ ಮುಚ್ಚಿಟ್ಟು ಹೇಳುವ ಉಪಾಯವನ್ನು ಕಲಿಸುವವರೂ ಇದ್ದಾರೆ. ಅಂಥವರಿಗೆ 1950ರ ಸೇನಾ ಕಾಯಿದೆಯ 44ನೆಯ ಕಲಮು ತಿಳಿದಿರಲಾರದು. ಭರ್ತಿಯ ಕಾಲದಲ್ಲಿ ಕೇಳಿದ ಪ್ರಶ್ನೆಗೆ ಬೇಕೆಂದೇ ಸುಳ್ಳುತ್ತರ ಕೊಟ್ಟುದು ಹೊರಬಿದ್ದರೆ, ಸೇನಾ ನ್ಯಾಯಾಲಯವು ಐದು ವರ್ಷದವರೆಗೆ ಸೆರೆಮನೆಯ ಶಿಕ್ಷೆಯನ್ನು ವಿಧಿಸಬಹುದು. ಶಿಕ್ಷೆಯ ಮಾತು ಹಾಗಿರಲಿ. ಸೈನಿಕನ ಧರ್ಮದ ಮೊದಲ ಪಾಠವೇ ಪಕ್ಕದವನು ತನ್ನನ್ನು ನಂಬುವಂತಿರುವುದು. ಆ ಪಾಠವನ್ನು ಸುಳ್ಳಿನಿಂದ ಆರಂಭಿಸಲಾಗದು.

ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೋಡೋರ್ ರೂಸ್‌ವೆಲ್ಟನ ಉದಾಹರಣೆಯನ್ನು ಕೆಲವರು ಎತ್ತುವರು. ಆತನು ಬಾಲ್ಯದಲ್ಲಿ ಕಠಿಣವಾದ ಉಬ್ಬಸದಿಂದ ಬಳಲಿದವನು. ತಂದೆಯು ರಾತ್ರಿಯಲ್ಲಿ ಮಗನನ್ನು ಕುದುರೆಗಾಡಿಯಲ್ಲಿ ಕೂಡಿಸಿಕೊಂಡು ಗಾಳಿಗೆ ತಿರುಗಾಡಿಸುತ್ತಿದ್ದನಂತೆ. ಆ ಬಾಲಕನೇ ಸಾಧನೆಯಿಂದ ಮೈಕಟ್ಟಿಕೊಂಡು 1898ರಲ್ಲಿ ಕ್ಯೂಬಾದ ಯುದ್ಧದಲ್ಲಿ ದಳವನ್ನು ನಡೆಸಿದನು. ಉತ್ಸಾಹಕ್ಕೆ ಈ ಕಥೆ ಒಳ್ಳೆಯದು. ಆದರೆ ಅಂದಿನ ಪರೀಕ್ಷೆಯೂ ಇಂದಿನ ಪರೀಕ್ಷೆಯೂ ಒಂದಲ್ಲ. ಒಬ್ಬನು ಹೊಳೆ ದಾಟಿದನೆಂದು ಎಲ್ಲರಿಗೂ ಹೊಳೆಯ ಆಳ ಕಡಿಮೆಯಾಗುವುದಿಲ್ಲ. ಅದರಿಂದ ನಾವು ಕಲಿಯತಕ್ಕದ್ದು ಇಷ್ಟೇ: ಉಬ್ಬಸವುಳ್ಳ ಮಗುವನ್ನು ಮೂಲೆಯಲ್ಲಿ ಕೂಡಿಸಬಾರದು, ಔಷಧದಿಂದ ಹಿಡಿತದಲ್ಲಿಟ್ಟು, ವೈದ್ಯರನ್ನು ಕೇಳಿ, ಓಡಲು ಆಡಲು ಬಿಡಬೇಕು.

ಹೀಗಿರುವುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇದು. ರಾಶಿಯ ಕಾಲದಲ್ಲಿ ಮಗುವನ್ನು ಕಣದಿಂದ ದೂರವಿಡಿರಿ. ಅಡಿಗೆಮನೆಯ ಹೊಗೆಯನ್ನು ಹೊರಗೆ ಹಾಕಿರಿ. ಮಗುವಿರುವ ಮನೆಯಲ್ಲಿ ಬೀಡಿಯನ್ನು ಸೇದಬೇಡಿರಿ. ಕೊಟ್ಟ ಔಷಧವನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿರಿ. ಮಗನಿಗೆ ಸೈನ್ಯದ ಆಸೆಯಿದ್ದರೆ ಆಸೆಯನ್ನು ಚಿವುಟಬೇಡಿರಿ, ಆದರೆ ಅದೊಂದೇ ದಾರಿಯೆಂದು ಕಲಿಸಲೂಬೇಡಿರಿ. ಶಾಲೆಯಲ್ಲಿ, ಅಂಚೆಯಲ್ಲಿ, ಹೊಲದಲ್ಲಿ, ಆಸ್ಪತ್ರೆಯಲ್ಲಿ ದೇಶಕ್ಕೆ ಕೈಗಳು ಬೇಕಾಗಿವೆ. ಸೈನ್ಯವು ಒಲ್ಲೆನೆಂದ ನಮ್ಮ ಕೈಗೆ ಮೂವತ್ತು ವರ್ಷ ಸುಣ್ಣದ ಕಡ್ಡಿ ಬಂದಿತು. ನಮ್ಮ ತರಗತಿಯಲ್ಲಿ ಕುಳಿತೆದ್ದವರಲ್ಲಿ ಕೆಲವರು ಈಗ ಗಡಿಯಲ್ಲಿದ್ದಾರೆ.

ನಮ್ಮ ಕಡೆ ಒಂದು ಗಾದೆಯುಂಟು: ತಲೆ ಸಲಾಮತ್ತಾಗಿದ್ದರೆ ಪಟಗ ಐವತ್ತು. ಹುಡುಗನ ಎದೆಯಲ್ಲಿ ಉಸಿರು ನೆಟ್ಟಗಿರಲಿ. ಮೈಮೇಲೆ ಯಾವ ವಸ್ತ್ರವೆಂಬುದನ್ನು ಕಾಲವು ತಾನೇ ನಿಶ್ಚಯಿಸುವುದು.