ಆಕ್ಸ್‌ಫರ್ಡ್ ಬೀದಿಯ ಅಮೆರಿಕನ್ ಮಿಠಾಯಿ

ಲಂಡನ್ ಮಹಾನಗರದ ನಡುವೆ, ಮಾರ್ಬಲ್ ಆರ್ಚ್ ಎಂಬ ಬಿಳಿಯ ಶಿಲಾಕಮಾನಿನ ಬಳಿಯಿಂದ ಪೂರ್ವಾಭಿಮುಖವಾಗಿ ಹೊರಟು ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯವರೆಗೆ ನೇರವಾಗಿ ಸಾಗುವ ರಾಜಮಾರ್ಗಕ್ಕೆ ಆಕ್ಸ್‌ಫರ್ಡ್ ಬೀದಿಯೆಂದು ಹೆಸರು. ಉದ್ದ ಎರಡು ಕಿಲೋಮೀಟರಿಗೆ ತುಸು ಕಡಮೆ. ರೋಮನರು ಹಾಕಿದ ಹಳೆಯ ದಾರಿಯ ಜಾಡನ್ನೇ ಇದು ಹಿಡಿದಿದೆ. ಒಂದು ಕಾಲಕ್ಕೆ ಇದು ಟೈಬರ್ನ್ ರಸ್ತೆಯೆನಿಸಿತ್ತು. ಸೆರೆಮನೆಯಿಂದ ಗಾಡಿಯಲ್ಲಿ ತಂದ ಅಪರಾಧಿಗಳನ್ನು ಇದರ ಪಶ್ಚಿಮದ ತುದಿಯಲ್ಲಿ ಗಲ್ಲಿಗೇರಿಸುತ್ತಿದ್ದರು. 1783ರಲ್ಲಿ ಆ ಪದ್ಧತಿ ಅಲ್ಲಿಗೆ ನಿಂತಿತು. ಇಂದು ಜನ ಇಲ್ಲಿಗೆ ಬರುವುದು ಉಡುಪು, ಪಾದರಕ್ಷೆ, ಸುಗಂಧದ್ರವ್ಯಗಳಿಗಾಗಿ. ಕೆಲವು ವರ್ಷಗಳಿಂದೀಚೆಗೆ ಅಮೆರಿಕದ ಮಿಠಾಯಿಗಾಗಿಯೂ ಹೌದು!

ಬೂದುಬಣ್ಣದ ಆಕಾಶದ ಕೆಳಗೆ ಜಿನುಗುಮಳೆಯಲ್ಲಿ ನಡೆದುಬಂದವನಿಗೆ ಅಂಥ ಅಂಗಡಿಯ ಬಾಗಿಲು ಬೇರೊಂದು ಲೋಕದ ಬಾಗಿಲಿನಂತೆ ಕಾಣುತ್ತದೆ. ಕಣ್ಣು ಕೋರೈಸುವ ದೀಪಗಳು. ನೆಲದಿಂದ ಸೂರಿನವರೆಗೆ ಮುಟ್ಟುವ ಗೂಡುಗಳು. ಅವುಗಳಲ್ಲಿ ಕೆಂಪು, ಹಳದಿ, ನೇರಿಳೆ, ಗುಲಾಬಿ ಬಣ್ಣದ ಪೊಟ್ಟಣಗಳ ಜಾತ್ರೆ. ಪೀನಟ್ ಬಟರ್ ಎಂಬ ನುಣ್ಣನೆಯ ಕಡಲೆಕಾಯಿ ಮುದ್ದೆಯನ್ನು ಒಡಲಲ್ಲಿಟ್ಟುಕೊಂಡ ರೀಸಸ್ ಚಾಕೊಲೇಟಿನ ಬಟ್ಟಲುಗಳು, ಹರ್ಷೀ ಕಂಪನಿಯ ಹಲಗೆಗಳು, ದಾಲ್ಚಿನ್ನಿಯ ಖಾರ ಸೇರಿದ ಕೆಂಪು ಗುಳಿಗೆಗಳು, ಬೆಳಗಿನ ಉಪಾಹಾರದ ಡಬ್ಬಿಗಳಲ್ಲಿಯೂ ಬಣ್ಣಬಣ್ಣದ ಮಾರ್ಷ್‌ಮೆಲ್ಲೊ ಚೂರುಗಳು! ಶಾಲೆ ಬಿಟ್ಟ ಮಕ್ಕಳು ಕೈಖರ್ಚಿನ ಕಾಸನ್ನು ಎಣಿಸುತ್ತ ನಿಲ್ಲುತ್ತಾರೆ. ಬೆಲೆ ಮಾತ್ರ ಅಗ್ಗವಲ್ಲ.

ಇಂಗ್ಲಿಷರು ತಮ್ಮ ಮಿಠಾಯಿಗೆ ‘ಸ್ವೀಟ್ಸ್’ ಎನ್ನುತ್ತಾರೆ. ಅಮೆರಿಕನರು ‘ಕ್ಯಾಂಡಿ’ ಎನ್ನುತ್ತಾರೆ. ಈ ಎರಡನೆಯ ಮಾತು ಕನ್ನಡಿಗರಿಗೆ ತೀರ ಹೊರಗಿನದಲ್ಲ. ಸಂಸ್ಕೃತದ ‘ಖಂಡ’ವೇ ಪಾರಸಿ, ಅರಬ್ಬಿ, ಫ್ರೆಂಚ್ ನುಡಿಗಳನ್ನು ದಾಟಿ ‘ಕ್ಯಾಂಡಿ’ಯಾಗಿ ಅಟ್ಲಾಂಟಿಕ್ ಸಾಗರದ ಆಚೆಯ ದಡ ಸೇರಿತು. ಲಂಡನ್ನಿನ ಅಂಗಡಿಯ ಹಲಗೆಯ ಮೇಲೆ ಮಿನುಗುವ ಆ ಅಕ್ಷರಗಳ ಹಿಂದೆ ಭಾರತದ ಸಕ್ಕರೆಯ ಗಟ್ಟಿಯೊಂದು ಅಡಗಿದೆ.

ಆದರೆ ಬ್ರಿಟನ್ನಿಗೇನು ಮಿಠಾಯಿಯ ಬರವೆ? ಕ್ಯಾಡ್‌ಬರಿಯ ಡೇರಿ ಮಿಲ್ಕ್ 1905ರಿಂದಲೂ ಅಲ್ಲಿನ ಮನೆಮಾತು. ಟಾಫಿ, ಫಡ್ಜ್, ಅತಿಮಧುರದ ಕಪ್ಪು ಪಟ್ಟಿಗಳು — ಊರೂರಿಗೂ ಒಂದೊಂದು ಹೆಮ್ಮೆ. ಹಾಗಿದ್ದೂ ಈ ಪರದೇಶದ ಪೊಟ್ಟಣದ ಮೇಲೆ ಮೋಹವೇಕೆ? ಉತ್ತರಕ್ಕಾಗಿ ಯುದ್ಧಕಾಲಕ್ಕೆ ಹಿಂದಿರುಗಬೇಕು.

ಬರಗಾಲದ ಸಿಹಿ

1942ರ ಜುಲೈ 26ರಂದು ಬ್ರಿಟನ್ನಿನಲ್ಲಿ ಮಿಠಾಯಿಗೂ ರೇಷನ್ ಬಂದಿತು. ಬಹುಕಾಲ ಒಬ್ಬರಿಗೆ ನಾಲ್ಕು ವಾರಕ್ಕೆ ಸಿಕ್ಕುತ್ತಿದ್ದುದು 12 ಔನ್ಸು, ಎಂದರೆ ಸುಮಾರು 340 ಗ್ರಾಂ. ಅದೇ ವರ್ಷದ ಜನವರಿಯಿಂದ ಅಮೆರಿಕದ ಸೈನಿಕರು ಅಲ್ಲಿಗೆ ಬಂದಿಳಿಯತೊಡಗಿದ್ದರು. 1944ರ ಜೂನ್ ವೇಳೆಗೆ ಅವರ ಸಂಖ್ಯೆ ಸುಮಾರು 15 ಲಕ್ಷಕ್ಕೆ ಮುಟ್ಟಿತು. ಅವರ ಜೇಬಿನಲ್ಲಿ ಚಾಕೊಲೇಟು, ಚೂಯಿಂಗ್ ಗಮ್ಮು! ಹಳ್ಳಿಯ ಓಣಿಗಳಲ್ಲಿ ಮಕ್ಕಳು ಸೈನಿಕರ ಲಾರಿಗಳ ಹಿಂದೆ ಓಡುತ್ತ, ಗಮ್ ಇದೆಯೇ ಗೆಳೆಯಾ ಎಂದು ಪ್ರಾಸ ಕಟ್ಟಿ ಕೂಗುತ್ತಿದ್ದರು. ಆ ಕೂಗು ಆ ಕಾಲದ ಗುರುತಾಗಿ ಉಳಿದುಬಿಟ್ಟಿತು.

ಯುದ್ಧ ಮುಗಿದರೂ ಬರ ಮುಗಿಯಲಿಲ್ಲ. 1949ರ ಏಪ್ರಿಲಿನಲ್ಲಿ ನಿರ್ಬಂಧವನ್ನು ತೆಗೆದರು. ಜನ ಮುಗಿಬಿದ್ದು ಕೊಂಡುದರಿಂದ ದಾಸ್ತಾನು ಸಾಲದೆ ನಾಲ್ಕೇ ತಿಂಗಳಲ್ಲಿ ಮತ್ತೆ ಹೇರಿದರು. ಕೊನೆಗೆ 1953ರ ಫೆಬ್ರವರಿ 5ರಂದು ಬಿಡುಗಡೆಯಾಯಿತು. ಅಂದು ಮಕ್ಕಳು ಹುಂಡಿಯ ಕಾಸನ್ನೆಲ್ಲ ಸುರಿದು ಅಂಗಡಿಗಳಿಗೆ ಧಾವಿಸಿದರು. ಕಚೇರಿಯ ದೊಡ್ಡ ಮನುಷ್ಯರೂ ಮಧ್ಯಾಹ್ನದ ಬಿಡುವಿನಲ್ಲಿ ಸರತಿಯ ಸಾಲಿನಲ್ಲಿ ನಿಂತರು. ಅಂದಿನ ಹತ್ತು ವರ್ಷದ ಬಾಲಕ ಇಂದು ಎಂಬತ್ತು ದಾಟಿದ ಅಜ್ಜ. ಅಂಥ ಅಜ್ಜಂದಿರ ಪಾಲಿಗೆ ಅಮೆರಿಕದ ಮಿಠಾಯಿಯೆಂದರೆ ರುಚಿಗಿಂತ ಮಿಗಿಲಾಗಿ ಸಮೃದ್ಧಿಯ ನೆನಪು. ಅವರ ಮಕ್ಕಳು ಅದೇ ಸಮೃದ್ಧಿಯನ್ನು ಬೆಳ್ಳಿತೆರೆಯ ಮೇಲೆ ಕಂಡರು. 1982ರ ‘ಇ.ಟಿ.’ ಚಿತ್ರದಲ್ಲಿ ಬಾಲಕನೊಬ್ಬ ಅನ್ಯಗ್ರಹದ ಜೀವಿಯನ್ನು ರೀಸಸ್ ಪೀಸಸ್ ಗುಳಿಗೆಗಳ ಜಾಡು ಹಾಕಿ ಮನೆಯೊಳಕ್ಕೆ ಕರೆದುತರುತ್ತಾನೆ. ಕಂಡ ಸಿಹಿಯನ್ನು ನಾಲಗೆಯ ಮೇಲಿಡಬೇಕೆಂಬ ಆಸೆ ಯಾರಿಗೆ ಹುಟ್ಟದು?

ನಾಲಗೆಯ ತಕರಾರು

ಆಸೆಪಟ್ಟು ಕೊಂಡದ್ದು ನಾಲಗೆಗೆ ಒಗ್ಗಲೇಬೇಕೆಂಬ ನಿಯಮವಿಲ್ಲ. ಹರ್ಷೀ ಚಾಕೊಲೇಟನ್ನು ಮೊದಲ ಸಲ ಕಚ್ಚಿದ ಇಂಗ್ಲಿಷರಲ್ಲಿ ಅನೇಕರು ಮುಖ ಸಿಂಡರಿಸುತ್ತಾರೆ. ಅದರಲ್ಲಿ ಅವರಿಗೆ ಹುಳಿಯ ಛಾಯೆ, ಹಳಸಿದ ಬೆಣ್ಣೆಯ ಕಮಟು. ಹಾಲಿನ ಕೊಬ್ಬು ಒಡೆದಾಗ ಹುಟ್ಟುವ ಬ್ಯುಟಿರಿಕ್ ಆಮ್ಲವೇ ಇದಕ್ಕೆ ಕಾರಣವೆಂದು ರಸಾಯನಜ್ಞರ ಊಹೆ. ಅಮೆರಿಕನರಿಗಾದರೋ ಅದೇ ಬಾಲ್ಯದ ನಿಜವಾದ ರುಚಿ! ಪೆನ್ಸಿಲ್ವೇನಿಯದಲ್ಲಿ ಮಿಲ್ಟನ್ ಹರ್ಷೀ ಕಟ್ಟಿದ ಊರಿನಲ್ಲಿ ಬೀದಿದೀಪಗಳಿಗೂ ಆ ಕಂಪನಿಯ ‘ಕಿಸಸ್’ ಚಾಕೊಲೇಟಿನ ಆಕಾರವಿದೆ.

ನೇರಿಳೆ ಬಣ್ಣದ ಪೆಪ್ಪರಮಿಂಟಿನ ಕಥೆ ಇನ್ನೂ ಸ್ವಾರಸ್ಯವಾದುದು. ಬ್ರಿಟನ್ನಿನಲ್ಲಿ ಆ ಬಣ್ಣವೆಂದರೆ ಬ್ಲ್ಯಾಕ್‌ಕರಂಟ್ ಎಂಬ ಹುಳಿಸಿಹಿಯ ಕಪ್ಪು ಹಣ್ಣು. ಯುದ್ಧಕಾಲದಲ್ಲಿ ಕಿತ್ತಳೆ ದುರ್ಲಭವಾದಾಗ ಸರಕಾರ ಜೀವಸತ್ವಕ್ಕಾಗಿ ಮಕ್ಕಳಿಗೆ ಹಂಚಿದುದು ಅದರ ಪಾನಕವನ್ನೇ. ಅಮೆರಿಕದಲ್ಲಿ ಆ ಬಣ್ಣವೆಂದರೆ ದ್ರಾಕ್ಷಿ. ಬ್ಲ್ಯಾಕ್‌ಕರಂಟ್ ಗಿಡ ಪೈನ್ ಮರಗಳಿಗೆ ರೋಗ ಹರಡುವುದೆಂದು ಅಲ್ಲಿನ ಕೇಂದ್ರ ಸರಕಾರ ಅದರ ಬೇಸಾಯವನ್ನೇ ನಿಷೇಧಿಸಿತ್ತು. 1966ರವರೆಗೆ ಆ ನಿಷೇಧ ತೆರವಾಗಲಿಲ್ಲ. ಅಷ್ಟರಲ್ಲಿ ಆ ಹಣ್ಣಿನ ರುಚಿಯನ್ನೇ ಅರಿಯದ ತಲೆಮಾರುಗಳು ಬೆಳೆದಿದ್ದವು. ಒಂದೇ ಬಣ್ಣ, ಎರಡು ಬಾಲ್ಯ! ಲಂಡನ್ನಿನ ಹುಡುಗಿ ನೇರಿಳೆ ಗುಳಿಗೆಯನ್ನು ಬಾಯಿಗಿಟ್ಟು ಬೆರಗಾಗುವುದು ಈ ಕಾರಣದಿಂದ. ಆ ಬೆರಗಿಗೇ ಅವಳು ಹಣ ತೆರುತ್ತಾಳೆ.

ಇಷ್ಟಾದರೂ ‘ಅಮೆರಿಕದ್ದು’, ‘ಬ್ರಿಟನ್ನಿನದು’ ಎಂಬ ಗೆರೆ ಗಟ್ಟಿಯಾದುದಲ್ಲ. ಸ್ಕಿಟಲ್ಸ್ ಗುಳಿಗೆಗಳು 1974ರಲ್ಲಿ ಬ್ರಿಟನ್ನಿನಲ್ಲಿ ಜನಿಸಿ, 1979ರಲ್ಲಿ ಅಮೆರಿಕಕ್ಕೆ ಹೋದವು. ಈಗ ಅಮೆರಿಕನ್ ಪೊಟ್ಟಣದಲ್ಲಿ ತವರಿಗೆ ಮರಳಿ ವಿದೇಶೀ ಸರಕಿನ ಬೆಲೆ ಪಡೆಯುತ್ತಿವೆ. ಅಪ್ಪಟ ಇಂಗ್ಲಿಷ್ ತಿನಿಸೆಂದು ಎಣಿಕೆಯಾದ ಮಾರ್ಸ್ ಬಾರನ್ನು 1932ರಲ್ಲಿ ಸ್ಲೌ ಪಟ್ಟಣದಲ್ಲಿ ತಯಾರಿಸಿದವನು ಫಾರೆಸ್ಟ್ ಮಾರ್ಸ್ ಎಂಬ ಅಮೆರಿಕನ್. ಆಕ್ಸ್‌ಫರ್ಡ್ ಬೀದಿಯ ಕೀರ್ತಿಕಳಶವಾದ ಸೆಲ್ಫ್ರಿಜಸ್ ಮಳಿಗೆಯನ್ನು 1909ರಲ್ಲಿ ತೆರೆದವನೂ ಅಮೆರಿಕನ್ ವರ್ತಕನೇ.

ಬಣ್ಣದ ಹಿಂದಿನ ನೆರಳು

ಈ ಅಂಗಡಿಗಳ ಏಳಿಗೆಗೆ ನಾಲಗೆಯ ಚಪಲವೊಂದೇ ಕಾರಣವಲ್ಲ. 2020ರ ಸಾಂಕ್ರಾಮಿಕದ ಬಳಿಕ ಬೀದಿಯ ಹೆಸರಾಂತ ಮಳಿಗೆಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ವ್ಯಾಪಾರದ ಕಟ್ಟಡಕ್ಕೆ ತೆರಿಗೆಯುಂಟು. ಅದನ್ನು ತೆರಬೇಕಾದವನು ಅಂಗಡಿ ನಡೆಸುವಾತ. ಕಟ್ಟಡ ಬರಿದಾಗಿ ಉಳಿದರೆ, ಮೂರು ತಿಂಗಳ ವಿನಾಯಿತಿ ಕಳೆದ ಮೇಲೆ ಆ ಹೊರೆ ಮಾಲೀಕನ ತಲೆಗೆ. ಆದುದರಿಂದ ಯಾರು ಬಂದರೂ ಸರಿಯೆಂದು ಮಾಲೀಕರು ಬೀಗದ ಕೈ ಕೊಟ್ಟರು. 2022ರಲ್ಲಿ ವೆಸ್ಟ್‌ಮಿನ್‌ಸ್ಟರ್ ನಗರಸಭೆ ಮಿಠಾಯಿ ಮತ್ತು ಸ್ಮರಣಿಕೆಗಳ ಸುಮಾರು 30 ಅಂಗಡಿಗಳ ಮೇಲೆ ತನಿಖೆ ಹೂಡಿತು. ಬಾಕಿಯ ತೆರಿಗೆ 79 ಲಕ್ಷ ಪೌಂಡೆಂದು ಸಾರಿತು. ಬಿಲ್ಲು ಬರುವಷ್ಟರಲ್ಲಿ ಕಂಪನಿಯ ಹೆಸರು ಬದಲಾಗುವುದು, ಇಲ್ಲವೆ ಕಂಪನಿಯೇ ಮಾಯವಾಗುವುದು! ಎಲ್ಲ ಅಂಗಡಿಗಳೂ ಹೀಗೆಂದಲ್ಲ. ಆದರೆ ಪ್ರಾಮಾಣಿಕನ ಮೇಲೂ ನೆರಳು ಬಿದ್ದಿತು.

ತೆರಿಗೆಗಿಂತ ಕಳವಳಕರವಾದುದು ಖೋಟಾ ಸರಕು. ಅಧಿಕಾರಿಗಳು ವಶಪಡಿಸಿಕೊಂಡುದರಲ್ಲಿ ‘ವೊಂಕಾ’ ಹೆಸರಿನ ನಕಲಿ ಚಾಕೊಲೇಟುಗಳಿದ್ದವು. ಬ್ರಿಟಿಷ್ ಲೇಖಕ ರೋಆಲ್ಡ್ ಡಾಲ್ 1964ರ ತನ್ನ ಕಾದಂಬರಿಗಾಗಿ ಕಲ್ಪಿಸಿದ ಹೆಸರದು. 1971ರ ಚಲನಚಿತ್ರದೊಡನೆ ಅಮೆರಿಕದಲ್ಲಿ ನಿಜವಾದ ಮಿಠಾಯಿಯ ಮುದ್ರೆಯಾಯಿತು. ಕಡೆಗೆ ಖೋಟಾ ಕಾಗದ ಸುತ್ತಿಕೊಂಡು ಲಂಡನ್ನಿಗೆ ಬಂದಿತು. ಎಲ್ಲಿ, ಯಾರು, ಯಾವ ಕೈಯಿಂದ ಮಾಡಿದರೆಂದು ತಿಳಿಯದ ಈ ಚಾಕೊಲೇಟನ್ನು ತಿನ್ನಬೇಡಿರೆಂದು ಆಹಾರ ಸುರಕ್ಷಾ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಕಡಲೆಕಾಯಿಯಂಥ ಪದಾರ್ಥ ಒಗ್ಗದ ಮಗುವಿಗೆ, ಚೀಟಿಯಲ್ಲಿ ಮುಚ್ಚಿಟ್ಟ ಒಂದು ಮಾತು ಪ್ರಾಣಾಪಾಯವನ್ನೇ ತರಬಹುದಲ್ಲವೆ?

ಬೀದಿಯ 363ನೆಯ ಸಂಖ್ಯೆಯ ಕಟ್ಟಡ ಈ ಎಲ್ಲ ಏರಿಳಿತಗಳಿಗೂ ಸಾಕ್ಷಿ. 1921ರಲ್ಲಿ ಸಂಗೀತಕಾರ ಎಡ್ವರ್ಡ್ ಎಲ್ಗರ್ ಅಲ್ಲಿ ಎಚ್.ಎಂ.ವಿ. ಗ್ರಾಮಫೋನ್ ಮಳಿಗೆಯನ್ನು ಉದ್ಘಾಟಿಸಿದ. 2019ರಲ್ಲಿ ಅದು ಮುಚ್ಚಿತು; ಅನಂತರ ಅದೇ ಹಜಾರದಲ್ಲಿ ಮಿಠಾಯಿಯ ಪೊಟ್ಟಣಗಳು ತುಂಬಿದವು. 2023ರ ನವೆಂಬರಿನಲ್ಲಿ ಗಾನಮುದ್ರಿಕೆಗಳು ತಮ್ಮ ಹಳೆಯ ಮನೆಗೆ ಮರಳಿದವು. ಬೀದಿಯಲ್ಲಿ ಮಿಠಾಯಿಯ ಅಂಗಡಿಗಳೂ ಈಗ ವಿರಳವಾಗುತ್ತಿವೆ.

ಆದರೂ ಆಸೆ ವಿರಳವಾಗಿಲ್ಲ. ಮೊಮ್ಮಗಳ ಕೈಹಿಡಿದು ಒಳಹೊಕ್ಕ ಅಜ್ಜ, ಗೂಡಿನಿಂದ ಪೊಟ್ಟಣ ತೆಗೆದು, ಕನ್ನಡಕ ಸರಿಪಡಿಸಿಕೊಂಡು, ಹಿಂಬದಿಯ ಸಣ್ಣಕ್ಷರಗಳನ್ನು ಎರಡು ಸಲ ಓದುತ್ತಾನೆ. ಹಿಂದೊಮ್ಮೆ ಲಾರಿಯ ಮೇಲಿಂದ ಹೆಸರರಿಯದ ಸೈನಿಕನೊಬ್ಬ ಎಸೆದುದನ್ನು ಅವನ ಓರಗೆಯವರು ಏನನ್ನೂ ಕೇಳದೆ ಬಾಯಿಗೆ ಹಾಕಿಕೊಂಡಿದ್ದರು.