ಅಜಾನ್ ಕೇಳಿ ಎದ್ದ ಶೇರು

ನಮ್ಮ ಮನೆಯಲ್ಲಿ ನಾಯಿ ಇಲ್ಲ, ತೋಟದಲ್ಲಿದೆ. ಈ ವ್ಯತ್ಯಾಸವನ್ನು ದಾದಿಮಾ ಬಂದವರಿಗೆಲ್ಲ ಬಿಡಿಸಿ ಹೇಳುತ್ತಾರೆ.

ನೊಣವಿನಕೆರೆ ಕಡೆಯ ಗೌಡರೊಬ್ಬರ ತೆಂಗಿನ ತೋಟವನ್ನು ಅಬ್ಬಾ ನೋಡಿಕೊಳ್ಳುತ್ತಾರೆ. ಅಲ್ಲಿ ಅಟ್ಟದ ಮೇಲೆ ಸುಮಾರು ಒಂದು ವರ್ಷ ಬಿದ್ದಿದ್ದ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಏರಿದರೆ ಕಳ್ಳರ ಕಣ್ಣೂ ಅಟ್ಟದ ಕಡೆಗೇ. ಅದಕ್ಕೇ ಶೇರು. ಜಾತಿನಾಯಿಯಲ್ಲ, ಮಳೆಯಲ್ಲಿ ನೆನೆಯುತ್ತಿದ್ದ ಬೀದಿ ಮರಿ.

ಕಳೆದ ವರ್ಷ ಕಾಯಿ ಸುಲಿಯಲು ಬಂದವರೊಬ್ಬರ ಪಂಚೆ ಹರಿಯಿತು. ಗೌಡರು, "ಸಾಬ್ರೇ, ಇದು ಮಾತು ಕೇಳಲ್ಲ ಅಂದ್ರೆ ಎಲ್ಲಾದ್ರೂ ಬಿಟ್ಟು ಬನ್ನಿ" ಅಂದರು. ಅಂದರೆ ಚಿಕ್ಕನಾಯಕನಹಳ್ಳಿ ದಾಟಿ ಯಾವುದೋ ರಸ್ತೆಯಲ್ಲಿ ಇಳಿಸುವುದು. ನಾನು ಮೂರು ತಿಂಗಳು ಸಮಯ ಕೇಳಿದೆ.

ಮೊದಲು ಹಜರತ್ ಹತ್ತಿರ ಹೋದೆ. ಹೊಲ, ಮಂದೆ ಕಾಯುವ ನಾಯಿಗೆ ಅಡ್ಡಿಯಿಲ್ಲ ಎಂದರು. ಅದು ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆ, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ. ಕುರ್‌ಆನಿನ ಐದನೇ ಅಧ್ಯಾಯದಲ್ಲಿ ತರಬೇತಿ ಕೊಟ್ಟ ಬೇಟೆನಾಯಿಯ ಮಾತು ಬರುವುದನ್ನೂ ತೋರಿಸಿದರು. ಅಲ್ಲಿಂದ ತೋಟಕ್ಕೆ ಒಂದು ಜೊತೆ ಬಟ್ಟೆ, ನಮಾಜಿಗೆ ಬೇರೆ.

ಕಾಲೇಜು ಬಿಟ್ಟು ತೋಟ ತಲುಪುವಾಗ ಅಸರ್ ಅಜಾನ್ ಆಗುತ್ತಿತ್ತು. ಬೈಠ್, ರುಕ್, ಆ. ಹೇಳಿದ್ದು ಮಾಡಿದರೆ ಜೇಬಿನಿಂದ ಒಂದು ಚೂರು ಕೊಬ್ಬರಿ. (ಗೌಡರ ಕೊಬ್ಬರಿಯೇ. ಲೆಕ್ಕಕ್ಕೆ ಬರೆದಿಲ್ಲ, ಕಾಮರ್ಸ್ ವಿದ್ಯಾರ್ಥಿಯಾಗಿ ನಾಚಿಕೆಯಿದೆ.)

ಲಸಿಕೆ ಹಾಕುವ ಪಶುವೈದ್ಯರು ತುಮಕೂರಿನಲ್ಲಿ ನಡೆಯಲಿದ್ದ ವಿಧೇಯತೆ ಸ್ಪರ್ಧೆಯ ವಿಷಯ ಹೇಳಿದರು. ಇದರಲ್ಲಿ ನಾಯಿಯ ಚಂದಕ್ಕೆ ಅಂಕವಿಲ್ಲ. 1933ರಲ್ಲಿ ಅಮೆರಿಕದಲ್ಲಿ ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ ಇಂಥ ಸ್ಪರ್ಧೆ ಏರ್ಪಡಿಸಿದ್ದೇ ತನ್ನ ಪೂಡಲ್ ನಾಯಿಗಳಿಗೆ ಬುದ್ಧಿಯೂ ಇದೆ ಎಂದು ತೋರಿಸಲು. ಹಗ್ಗ ಎಳೆಯದೆ ಪಕ್ಕದಲ್ಲೇ ನಡೆಯಬೇಕು, ನಿಂತ ಕಡೆ ಕೂರಬೇಕು, ಕರೆದರೆ ನೇರ ಬರಬೇಕು. ಕೊನೆಗೆ ನಾವು ಮರೆಯಾದರೂ ಮಲಗಿದ ಜಾಗ ಬಿಡಬಾರದು.

ಅಲ್ಲಿದ್ದವು ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ. ತೀರ್ಪುಗಾರರು "ಯಾವ ತಳಿ?" ಎಂದಾಗ "ತೋಟದ್ದು, ಸರ್" ಎಂದೆ. ಸುತ್ತ ನಕ್ಕರು. ಶೇರು ನಗಲಿಲ್ಲ. ನನ್ನ ಎಡಮೊಣಕಾಲಿಗೆ ಅಂಟಿಕೊಂಡೇ ನಡೆಯಿತು. ಕರೆದಾಗ ಬಾಣದಂತೆ ಬಂದು ಎದುರು ಕೂತಿತು. ನಗು ನಿಂತಿತು.

ಕೊನೆಯ ಪರೀಕ್ಷೆ. "ರುಕ್" ಎಂದು ಹೇಳಿ ಶಾಮಿಯಾನದ ಹಿಂದೆ ಹೋಗಿ ನಿಂತೆ. ಎರಡು ನಿಮಿಷ ಕಳೆದಿರಬೇಕು, ಹತ್ತಿರದ ಮಸೀದಿಯಿಂದ ಅಸರ್ ಅಜಾನ್ ಕೇಳಿಸಿತು. ನನ್ನ ಎದೆ ಧಸಕ್ಕೆಂದಿತು. ಮೂರು ತಿಂಗಳು ದಿನಾ ಅಜಾನ್ ಆದ ಕೂಡಲೇ ಅದಕ್ಕೆ ಊಟ ಹಾಕಿದವನು ನಾನೇ! ಶೇರು ಎದ್ದು, ಮೈ ಕೊಡವಿ, ಮೈದಾನ ದಾಟಿ, ಶಾಮಿಯಾನದ ಹಿಂದೆ ಬಂದು ನನ್ನ ಜೇಬು ನೋಡುತ್ತ ಕೂತಿತು.

ಆ ಪರೀಕ್ಷೆಗೆ ಸೊನ್ನೆ. ಪ್ರಮಾಣಪತ್ರ ಸಿಗಲಿಲ್ಲ. ಕಾಯಿ ತುಂಬಿದ ಲಗೇಜ್ ಆಟೋದಲ್ಲಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಅದರ ಜೊತೆ ಮಾತಾಡಲಿಲ್ಲ. ಗುಬ್ಬಿ ದಾಟಿದ ಮೇಲೆ ಉಳಿದ ಕೊಬ್ಬರಿ ಕೊಟ್ಟೆ.

ಮುಂದಿನ ವಾರ ಪಂಚೆ ಹರಿಸಿಕೊಂಡವರೇ ಹಾರೆ ಹಿಡಿದು ಬಂದರು. ಗೌಡರೂ ಇದ್ದರು. "ರುಕ್" ಅಂದೆ. ಇನ್ನೂರು ಕಾಯಿ ಸುಲಿಯುವವರೆಗೆ ಶೇರು ಅಲ್ಲಾಡಲಿಲ್ಲ, ಅವರು ಮಾತ್ರ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಗೌಡರು ಹೋಗುವಾಗ, "ಇರ್ಲಿ ಬಿಡಪ್ಪ" ಅಂದರು.

ಈಗ ಊಟದ ಹೊತ್ತು ಬದಲಿಸಿದ್ದೇನೆ. ಒಂದು ದಿನ ಅಜಾನಿಗೆ ಮೊದಲು, ಒಂದು ದಿನ ಎಷ್ಟೋ ಹೊತ್ತಿನ ಮೇಲೆ. ದಾದಿಮಾ ಉಳಿದ ರೊಟ್ಟಿಯನ್ನು ಗೇಟಿನ ಹೊರಗೆ, ಬೇರೆ ತಟ್ಟೆಯಲ್ಲಿ ಇಟ್ಟಿರುತ್ತಾರೆ. ತೋಟಕ್ಕೆ ಒಯ್ಯುವವನು ನಾನು.