ಕೆಂಚನ ಪಾಲಿನ ನೀರು

ದೇಶ ಸುತ್ತು, ಕೋಶ ಓದು ಎಂಬ ನಾಣ್ಣುಡಿಯನ್ನು ಕೇಳದವರಿಲ್ಲ. ಆದರೆ ದೇಶ ಸುತ್ತಲು ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆಯ ವಿಷಯವಾಗಿ ಆ ನಾಣ್ಣುಡಿ ಏನನ್ನೂ ಹೇಳುವುದಿಲ್ಲ. ಅದನ್ನು ನಾನು ಕಲಿತದ್ದು ಕುರಿ ಕಾಯುವ ನನ್ನ ಸೋದರಮಾವನಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವನ ನಾಯಿಯಿಂದ.

ಕಳೆದ ಮಾರ್ಚ್ ತಿಂಗಳಿನಲ್ಲಿ ನನ್ನ ಮಗಳು ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದಳು. ಅವಳು ಸಕುಟುಂಬವಾಗಿ ಕಾರಿನಲ್ಲಿ ಕಾಶಿಗೆ ಹೋಗುವ ಯೋಜನೆಯಲ್ಲಿದ್ದಳು. ಅನಂತಪುರದ ಬಳಿ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಸೇರಿ, ಹೈದರಾಬಾದು, ನಾಗಪುರಗಳನ್ನು ಹಾದು, ಜಬಲ್‌ಪುರ, ರೀವಾಗಳ ಮಾರ್ಗವಾಗಿ ಸಾಗುವ 1,500 ಕಿಲೋಮೀಟರಿಗೂ ಮಿಕ್ಕಿದ ದಾರಿ ಅದು. ಮನೆಯ ನಾಯಿಯನ್ನು ಬಿಟ್ಟು ಹೋಗಲು ಮಕ್ಕಳು ಒಪ್ಪದ ಕಾರಣ ಅದೂ ಜೊತೆಗೆ ಹೊರಟಿತ್ತು. ಮಗಳು ದೊಡ್ಡದೊಂದು ಪಟ್ಟಿಯನ್ನು ಬರೆದು, "ಅಪ್ಪಾ, ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ ನೋಡು" ಎಂದು ನನ್ನ ಕೈಗಿತ್ತಳು. ತಂಗುವ ಊರುಗಳು, ನೋಡುವ ದೇವಾಲಯಗಳು, ಔಷಧಿ, ಬಟ್ಟೆಬರೆ ಎಲ್ಲವೂ ಅದರಲ್ಲಿದ್ದವು. ನಾಯಿಯ ಹೆಸರು ಕೊನೆಯ ಸಾಲಿನಲ್ಲಿತ್ತು. ಅದರ ಮುಂದೆ 'ಬಿಸ್ಕತ್ತು' ಎಂದಷ್ಟೇ ಬರೆದಿತ್ತು. ಆ ಸಾಲನ್ನು ಓದಿದೊಡನೆ ಅರ್ಧ ಶತಮಾನದ ಹಿಂದಿನ ಒಂದು ಮುಂಜಾವು ನನ್ನ ಕಣ್ಣ ಮುಂದೆ ಬಂದು ನಿಂತಿತು.

ನನ್ನ ಹುಟ್ಟೂರು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿಗೆ ಸಮೀಪದಲ್ಲಿದೆ. ಮಳೆ ನಮ್ಮ ಸೀಮೆಯ ಮೇಲೆ ಎಂದೂ ಕೃಪೆ ತೋರಿದ್ದಲ್ಲ. ಇದೇ ರಾಜ್ಯದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಚಳ್ಳಕೆರೆ-ಮೊಳಕಾಲ್ಮುರುಗಳ ಬಯಲಿಗೆ ದಕ್ಕುವುದು ಸುಮಾರು 500 ಮಿಲಿಮೀಟರ್ ಮಾತ್ರ. ಆದುದರಿಂದಲೇ ಇಲ್ಲಿ ಕುರಿ ಸಾಕಣೆ ಬೆಳೆಯಿತು. ಚಳ್ಳಕೆರೆಯ ಕಂಬಳಿ ಹೆಸರಾಯಿತು. ಶೇಂಗಾ ಕಿತ್ತ ಹೊಲಗಳಲ್ಲಿ ಮೇವು ತೀರಿದೊಡನೆ ಕುರಿಗಾಹಿಗಳು ಮಂದೆಗಳನ್ನು ಹೊಡೆದುಕೊಂಡು ನೀರಾವರಿಯ ಸೀಮೆಗೆ ಹೊರಡುವರು. ಭದ್ರಾ ಕಾಲುವೆಯ ನೀರುಣ್ಣುವ ದಾವಣಗೆರೆಯ ಸುತ್ತಮುತ್ತ ಆ ವೇಳೆಗೆ ಭತ್ತದ ಕುಯಿಲು ಮುಗಿದಿರುತ್ತದೆ. ಕುಯಿಲಾದ ಗದ್ದೆಗಳಲ್ಲಿ ಕುರಿಗಳಿಗೆ ಮೇವು; ರಾತ್ರಿ ಅಲ್ಲಿಯೇ ಕುರಿ ತರುಬಿದರೆ ಗದ್ದೆಗೆ ಗೊಬ್ಬರ; ಕಾಯುವವನಿಗೆ ಗದ್ದೆಯ ಒಡೆಯನಿಂದ ಕಾಳು ಅಥವಾ ಹಣ. ಮುಂಗಾರಿನ ಮೊದಲ ಮಳೆ ಬಿದ್ದ ಸುದ್ದಿ ತಿಳಿದ ಮೇಲೆಯೇ ಅವರು ಊರಿಗೆ ಮರಳುವುದು.

1973ರ ಚಳಿಗಾಲದಲ್ಲಿ ಮಾವನ ಮಗನಿಗೆ ಜ್ವರ ಬಂದು ಅವನು ಹೊರಡಲಾರದೆ ಹೋದ. ಶಾಲೆಗೆ ಕೆಲವು ದಿನಗಳ ರಜೆ ಹಾಕಿ ಅವನ ಸ್ಥಾನದಲ್ಲಿ ನಾನು ಹೊರಟೆ. ಆಗ ನನಗೆ ಹದಿಮೂರು ವರ್ಷ. ಹೊರಡುವ ಹಿಂದಿನ ರಾತ್ರಿ ಮೂರು ಮನೆಗಳ ಹಿರಿಯರು ನಮ್ಮ ಜಗಲಿಯ ಮೇಲೆ ಸೇರಿದರು. ಮಾವ ಅಕ್ಷರ ಬಲ್ಲವನಲ್ಲ. ಅವನು ಹುಣಸೆಬೀಜಗಳನ್ನು ಸಾಲಾಗಿ ಇಡುತ್ತ ಹೋದ. ಒಂದು ಬೀಜವೆಂದರೆ ಒಂದು ರಾತ್ರಿಯ ತಂಗುದಾಣ. ಪ್ರತಿಯೊಂದು ಬೀಜವನ್ನು ಇಡುವಾಗಲೂ ಅವನು ಅವೇ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಿದ್ದ: ನೀರು ಎಲ್ಲಿದೆ? ಮೇವು ಎಷ್ಟಿದೆ? ರಾತ್ರಿ ಯಾರ ಹೊಲದಲ್ಲಿ ಮಂದೆ ನಿಲ್ಲಿಸುವುದು? ಊರನಾಯಿಗಳ ಕಾಟ ಹೇಗೆ? ಹೀಗೆ ಹದಿನಾರು ಬೀಜಗಳು ಸಾಲುಗೂಡಿದಾಗ ನಮ್ಮ ಪ್ರಯಾಣದ ನಕ್ಷೆ ಸಿದ್ಧವಾಯಿತು.

ಅನಂತರ ರಾಗಿಹಿಟ್ಟನ್ನು ಅಳೆದರು. ಮಾವ ನಮ್ಮ ಪಾಲಿನ ಚೀಲಗಳ ಪಕ್ಕದಲ್ಲಿ ಇನ್ನೊಂದು ಸಣ್ಣ ಚೀಲವನ್ನಿಟ್ಟು, "ಇದು ಕೆಂಚನ ಪಾಲು" ಎಂದ. ಒಬ್ಬರು ನಕ್ಕು, "ನಾಯಿಗೂ ಬೇರೆ ಪಾಲೇನಪ್ಪ?" ಎಂದರು. "ನಮಗೆ ರಾತ್ರಿ ನಿದ್ದೆ ಬೇಕೋ ಬೇಡವೋ?" ಎಂದು ಮಾವ ಕೇಳಿದ. ಯಾರೂ ಮತ್ತೆ ಮಾತನಾಡಲಿಲ್ಲ.

ಕೆಂಚ ಮಾವನ ನಾಯಿ. ಕೆಂಬಣ್ಣದ ಮೈ, ಒಂದು ಕಿವಿ ಸೀಳಿತ್ತು. ಅದನ್ನು ಕುರಿತು ಮಾವ ನನಗೆ ಕೆಲವು ಕಟ್ಟಳೆಗಳನ್ನು ಹೇಳಿದ. ನಡಿಗೆಗೆ ಮುನ್ನ ಅದಕ್ಕೆ ಹೊಟ್ಟೆ ಬಿರಿಯ ಉಣ್ಣಿಸಕೂಡದು. ಪ್ರತಿ ಸಂಜೆ ಅದರ ಪಾದಗಳಲ್ಲಿ ಮುಳ್ಳಿದೆಯೇ ಎಂದು ನೋಡಬೇಕು. ದಾರಿಯಲ್ಲಿ ಕುರಿ ಸತ್ತರೆ ಅದರ ತಲೆಯನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಬೇಕು. ಈ ಕೊನೆಯ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಪಶುವೈದ್ಯರೊಬ್ಬರಿಂದ. ಕೆಲವು ಕುರಿಗಳ ಮಿದುಳಿನಲ್ಲಿ ಒಂದು ಬಗೆಯ ಲಾಡಿಹುಳುವಿನ ಮರಿಗಳು ನೀರ್ಗುಳ್ಳೆಯಂತೆ ಬೆಳೆಯುತ್ತವೆ. ಅಂಥ ಕುರಿ ನಿಂತಲ್ಲೇ ಸುತ್ತುತ್ತ ಕಡೆಗೆ ಸಾಯುತ್ತದೆ. ಅದರ ತಲೆಯನ್ನು ತಿಂದ ನಾಯಿಯ ಕರುಳಿನಲ್ಲಿ ಹುಳು ಬಲಿತು, ಮಲದ ಮೂಲಕ ಮೊಟ್ಟೆಗಳು ಹುಲ್ಲಿಗೆ ಸೇರಿ, ರೋಗ ಮತ್ತೆ ಮಂದೆಗೆ ಹರಡುತ್ತದೆ. ಮಾವನಿಗೆ ಹುಳುವಿನ ಹೆಸರು ಗೊತ್ತಿರಲಿಲ್ಲ, ಮಾಡಬೇಕಾದುದು ಗೊತ್ತಿತ್ತು.

ಕೊನೆಗೆ ಅವನು ಒಂದು ಸೋರೆಬುರುಡೆಯನ್ನೂ ಮಣ್ಣಿನ ಬೋಗುಣಿಯನ್ನೂ ನನ್ನ ಕೈಗೆ ಕೊಟ್ಟು, "ಇದು ಕೆಂಚನ ನೀರು. ಹೊರುವುದು ನಿನ್ನ ಕೆಲಸ" ಎಂದ.

ಮರುದಿನ ನಸುಕಿನಲ್ಲಿ ಮಂದೆ ಹೊರಟಿತು. ಸುಮಾರು 300 ಕುರಿಗಳು, ಸಾಮಾನು ಹೊತ್ತ ಎರಡು ಕತ್ತೆಗಳು, ಐದು ಜನ, ಒಂದು ನಾಯಿ. ರಸ್ತೆಯನ್ನು ಆದಷ್ಟು ದೂರವಿಟ್ಟು ನಾವು ಕಾವಲುಗಳ ನಡುವೆ ಸಾಗಿದೆವು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗಾಗಿ ಮೀಸಲಿದ್ದ ಹುಲ್ಲುಗಾವಲುಗಳು ಅವು. 2010ರ ಸುಮಾರಿನ ಅನಂತರ ಚಳ್ಳಕೆರೆ ತಾಲ್ಲೂಕಿನ ಅಂಥ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿ, ಸುತ್ತ ಗೋಡೆಗಳೆದ್ದಿವೆ. ಅಂದು ಮಾತ್ರ ಕಣ್ಣು ಹಾಯುವಷ್ಟು ದೂರ ಹುಲ್ಲು, ಜಾಲಿ, ಅಲ್ಲಲ್ಲಿ ಕಮರದ ಮರಗಳು. ಕೆಂಚ ಮಂದೆಯ ಸುತ್ತ ಓಡುತ್ತಲೇ ಇರುತ್ತಿತ್ತು. ನಾವು ಒಂದು ಹರದಾರಿ ನಡೆದರೆ ಅದು ಮೂರು ಹರದಾರಿ ನಡೆದಿರುತ್ತಿತ್ತು.

ಮೂರನೆಯ ದಿನ ಬಿಸಿಲು ಬಲವಾಗಿತ್ತು. ಹೆಗಲಿನ ಬುರುಡೆ ಹೆಜ್ಜೆಹೆಜ್ಜೆಗೂ ಭಾರವಾಗುತ್ತಿತ್ತು. ಆ ಸಂಜೆ ತಂಗಬೇಕಾದ ಜಾಗದಲ್ಲಿ ದೊಡ್ಡದೊಂದು ಕಟ್ಟೆ ಇದೆಯೆಂದು ಮಾವ ಜಗಲಿಯ ಮೇಲೆ ಹೇಳಿದ್ದುದು ನನಗೆ ನೆನಪಾಯಿತು. ಕಟ್ಟೆಯ ತುಂಬ ನೀರಿರುವಾಗ ಒಂದು ಬುರುಡೆ ನೀರನ್ನು ಹೊತ್ತು ಫಲವೇನು? ಯಾರೂ ನೋಡದ ಸಮಯದಲ್ಲಿ ನಾನು ನೀರನ್ನು ನೆಲಕ್ಕೆ ಚೆಲ್ಲಿದೆ. ಹೆಗಲು ಹಗುರವಾಯಿತು.

ಸಂಜೆ ಕಟ್ಟೆಯ ಬಳಿಗೆ ಬಂದಾಗ ಅಲ್ಲಿ ಹನಿ ನೀರೂ ಇರಲಿಲ್ಲ. ಹಿಂಗಾರು ಮಳೆಯಲ್ಲಿ ಏರಿ ಒಡೆದು ನೀರೆಲ್ಲ ಹರಿದುಹೋಗಿತ್ತು. ಕುರಿಗಳು ಬೆಳಿಗ್ಗೆ ಹಳ್ಳದ ವರತೆಯಲ್ಲಿ ಕುಡಿದಿದ್ದವು. ಚಳಿಗಾಲವಾದುದರಿಂದ ಒಂದು ರಾತ್ರಿ ತಡೆಯಬಲ್ಲವು. ನಮ್ಮ ಬಳಿ ಕುಡಿಯುವಷ್ಟು ನೀರಿತ್ತು. ಮಾವ ರೊಪ್ಪದ ಸುತ್ತ ಮುಳ್ಳು ಹಾಕುತ್ತ, "ಕೆಂಚನಿಗೆ ನೀರು ಕೊಟ್ಟೆಯೇನೋ?" ಎಂದು ಕೇಳಿದ. ನಾನು ಹೂಂಗುಟ್ಟಿದೆ. ಕೆಂಚ ನನ್ನ ಎದುರಿಗೆ ಕುಳಿತು, ನಾಲಗೆ ಚಾಚಿ ತೇಕುತ್ತ, ನನ್ನನ್ನೂ ಖಾಲಿ ಬೋಗುಣಿಯನ್ನೂ ನೋಡುತ್ತಿತ್ತು. ನನ್ನ ಪಾಲಿನ ನೀರನ್ನಾದರೂ ಅದಕ್ಕೆ ಹಾಕಬಹುದಾಗಿತ್ತು. ಹಾಕಿದರೆ ಮಾವನಿಗೆ ತಿಳಿದೀತೆಂದು ಹೆದರಿ, ಕಂಬಳಿ ಹೊದ್ದು ಮಲಗಿಬಿಟ್ಟೆ.

ಬೆಳಗಿನ ಜಾವ ಕೂಗಾಟ ಕೇಳಿ ಎಚ್ಚರವಾಯಿತು. ತೋಳ ಬಂದು ಒಂದು ಮರಿಯನ್ನು ಹೊತ್ತೊಯ್ದಿತ್ತು. ಬೊಗಳಬೇಕಾದ ಕೆಂಚ ಕಾವಲಿನಲ್ಲಿರಲಿಲ್ಲ. ಬೆಳಕು ಹರಿಯುವಾಗ ಅದು ದೂರದಿಂದ ಬರುತ್ತಿರುವುದು ಕಂಡಿತು. ಮೂತಿ, ಮುಂಗಾಲುಗಳೆಲ್ಲ ಹಸಿ ಕೆಸರು. ಎಲ್ಲಿಯೋ ನೀರಿನ ಪಸೆಯನ್ನು ಹುಡುಕಿ ನೆಲ ಕೆರೆದಿರಬೇಕು. ಅದು ಮಂದೆಯ ಹತ್ತಿರಕ್ಕೆ ಬಾರದೆ, ಬಾಲ ಮುದುರಿ, ಹತ್ತು ಮಾರು ದೂರದಲ್ಲಿಯೇ ನೆಲಕ್ಕೆ ಅಂಟಿ ಮಲಗಿತು. ಮರಿಯನ್ನು ಕಳೆದುಕೊಂಡ ಹಿರಿಯರು ಸಿಟ್ಟಿನಿಂದ ದೊಣ್ಣೆ ಎತ್ತಿಕೊಂಡು, "ಕಾವಲು ಬಿಟ್ಟು ಹೋದ ನಾಯಿ ಯಾಕೆ ಬೇಕು?" ಎಂದು ಅದರ ಬಳಿಗೆ ನಡೆದರು. ಕೆಂಚ ಓಡಲಿಲ್ಲ.

ನಿಜ ಹೇಳಬೇಕೆಂದು ನನ್ನ ಬಾಯಿಗೆ ಬಂತು. ಆದರೆ ಮಾತು ಹೊರಡಲಿಲ್ಲ. ಮೊದಲ ಪೆಟ್ಟು ಬಿದ್ದೇಬಿಟ್ಟಿತು. ಕೆಂಚ ಕುಂಯ್‌ಗುಟ್ಟಿತು. ಎರಡನೆಯ ಪೆಟ್ಟಿಗೆ ದೊಣ್ಣೆ ಮೇಲೆದ್ದಾಗ ನಾನು ಓಡಿಹೋಗಿ ನಡುವೆ ನಿಂತು, "ಹೊಡೆಯಬೇಡಿ, ನೀರನ್ನು ಚೆಲ್ಲಿದವನು ನಾನು, ಅದಕ್ಕೆ ನೀರೇ ಕೊಟ್ಟಿಲ್ಲ" ಎಂದು ಅತ್ತೆ.

ಎಲ್ಲರೂ ಸುಮ್ಮನೆ ನಿಂತರು. ಮಾವ ನನ್ನನ್ನು ಬೈಯುವನೆಂದು ಕಾದೆ. ಅವನು ಬೈಯಲಿಲ್ಲ. ತನ್ನ ಬುರುಡೆಯ ನೀರನ್ನು ಬೋಗುಣಿಗೆ ಬಗ್ಗಿಸಿ ಕೆಂಚನ ಮುಂದಿಟ್ಟ. ಅದು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ಕುಳಿತಿದ್ದ. ಆಮೇಲೆ ನನ್ನತ್ತ ತಿರುಗಿ ಹೇಳಿದ:

"ತೋಳ ಹಸಿದಿತ್ತು, ನಾಯಿ ಬಾಯಾರಿತ್ತು. ಅವೆರಡರದೂ ತಪ್ಪಲ್ಲ. ಕಟ್ಟೆ ಇದೆ ಅಂತ ನಾನು ಎಣಿಸಿದ್ದೆ. ಯಾರನ್ನಾದರೂ ವಿಚಾರಿಸಬೇಕಿತ್ತು, ಅದು ನನ್ನ ತಪ್ಪು. ಆದರೆ ಎಣಿಕೆ ತಪ್ಪಿದ ದಿನಕ್ಕೆ ಅಂತಲೇ ಅಲ್ಲವೇನೋ ಬುರುಡೆ ಇದ್ದದ್ದು? ಎಷ್ಟು ದೂರ ಅಂತ ಅದು ಕೇಳುವುದಿಲ್ಲ, ನೀರು ಎಲ್ಲಿದೆ ಅಂತಲೂ ಕೇಳುವುದಿಲ್ಲ. ಹೋಗೋಣ ಬಾ ಅಂದರೆ ಬರುತ್ತದೆ. ಅದು ಕೇಳದೆ ಇರುವುದನ್ನೆಲ್ಲ ನಾವೇ ಕೇಳಿಕೊಳ್ಳಬೇಕು, ಮಗಾ."

ದೊಣ್ಣೆ ಎತ್ತಿದ್ದ ಹಿರಿಯರು ಅಂದು ಮಧ್ಯಾಹ್ನ ತಮ್ಮ ಮುದ್ದೆಯಲ್ಲಿ ಅರ್ಧವನ್ನು ಮುರಿದು ಕೆಂಚನಿಗೆ ಹಾಕಿದರು. ಅವರಿಗೆ ಕಳೆದುಹೋದ ಮರಿಗೆ ಬದಲಾಗಿ ಮಾವ ತನ್ನ ಮಂದೆಯಿಂದ ಒಂದು ಮರಿಯನ್ನು ಕೊಟ್ಟ. ನನ್ನ ಸೋಮಾರಿತನದ ಬೆಲೆಯನ್ನು ಬಡವನಾದ ಅವನು ತೆತ್ತದ್ದು ನನಗೆ ಪೆಟ್ಟಿಗಿಂತ ಹೆಚ್ಚು ನೋವಾಯಿತು. ದಾವಣಗೆರೆಯ ಗದ್ದೆಗಳನ್ನು ಮುಟ್ಟುವವರೆಗೆ ಆ ಬುರುಡೆ ನನ್ನ ಹೆಗಲಿನಿಂದ ಕೆಳಗಿಳಿಯಲಿಲ್ಲ. ಅಚ್ಚರಿಯೆಂದರೆ, ಮಾರನೆಯ ಸಂಜೆ ನಾನು ಮುಳ್ಳು ನೋಡಲು ಕರೆದಾಗ ಕೆಂಚ ಎಂದಿನಂತೆಯೇ ಬಂದು ತನ್ನ ಪಾದವನ್ನು ನನ್ನ ಕೈಯಲ್ಲಿಟ್ಟಿತು.

ನಾನು ಬಸ್ಸಿನಲ್ಲಿ ಊರಿಗೆ ಮರಳಿದ ಮೇಲೆ ನಮ್ಮ ಉಪಾಧ್ಯಾಯರು ಬ್ರಹ್ಮಗಿರಿಯ ಅಶೋಕನ ಶಾಸನವನ್ನು ತೋರಿಸಲು ತರಗತಿಯನ್ನೆಲ್ಲ ಕರೆದೊಯ್ದರು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಶಾಸನ ಅದು. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಅದರಲ್ಲಿ 256 ಎಂಬ ಸಂಖ್ಯೆಯೂ ಇದೆ. ಚಕ್ರವರ್ತಿ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ವಿದ್ವಾಂಸರು ಅದನ್ನು ವಿವರಿಸುತ್ತಾರೆ. ಉಪಾಧ್ಯಾಯರು ವಿವರಿಸುತ್ತಿದ್ದಾಗ ನಾನು ತಲೆ ತಗ್ಗಿಸಿ ನಿಂತಿದ್ದೆ. ನಾನು ಮೂರು ರಾತ್ರಿಗಳ ಪ್ರವಾಸದಲ್ಲಿಯೇ ದಯೆಯನ್ನೂ ಸತ್ಯವನ್ನೂ ಒಟ್ಟಿಗೆ ಚೆಲ್ಲಿಬಂದಿದ್ದೆನಲ್ಲವೇ?

ಇದೆಲ್ಲವನ್ನೂ ಕೇಳಿದ ಮಗಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೊಸ ಹಾಳೆಯನ್ನು ತೆಗೆದುಕೊಂಡಳು. ಇಬ್ಬರೂ ಸೇರಿ ಬರೆದೆವು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ತೇಕಿಯೇ ಮೈಯನ್ನು ತಂಪು ಮಾಡಿಕೊಳ್ಳಬೇಕು. ಆದ್ದರಿಂದ ಸೂರ್ಯ ಮೇಲೇರುವ ಮೊದಲೇ ಹೊರಡುವುದು. ಎರಡು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲುವುದು. ಕಾದ ಡಾಂಬರಿನ ಮೇಲೆ ಅದನ್ನು ನಡೆಸದಿರುವುದು. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಕ್ಷಣಕಾಲವೂ ಬಿಟ್ಟುಹೋಗದಿರುವುದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳುವುದು. ಕೊರಳಪಟ್ಟಿಗೆ ದೂರವಾಣಿ ಸಂಖ್ಯೆ ಬರೆದ ಬಿಲ್ಲೆಯನ್ನು ಕಟ್ಟುವುದು. ನಾಯಿಯನ್ನು ಒಳಗೆ ಬಿಡುವ ವಸತಿಗೃಹಗಳನ್ನು ಮೊದಲೇ ವಿಚಾರಿಸುವುದು. ಅದು ಇದ್ದೀತೆಂಬ ಎಣಿಕೆಯ ಮೇಲೆ ಹೊರಡದಿರುವುದು.

ಪಟ್ಟಿ ಮುಗಿಯಿತೆಂದು ನಾನು ಕನ್ನಡಕವನ್ನು ತೆಗೆದೆ. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಮೊಮ್ಮಗ ಪೆನ್ಸಿಲನ್ನು ಕೇಳಿ ಪಡೆದು, ಹಾಳೆಯ ತುದಿಯಲ್ಲಿ, ಎಲ್ಲ ಸಾಲುಗಳಿಗೂ ಮೇಲೆ, ಸೊಟ್ಟ ಅಕ್ಷರಗಳಲ್ಲಿ ಬರೆದ: 'ನಾಯಿಯ ನೀರು: ಹೊರುವುದು ನನ್ನ ಕೆಲಸ.'